ಸರಸಮ್ಮ ಕಂಡ ಬೆಳಕು

ವ್ಯಾನಿನ ಬಲಗಡೆಯ ಚಕ್ರಗಳು ರಸ್ತೆಯಂಚಿನ ಹಿಮಕ್ಕೆ ಇಳಿದು ಹೂತುಕೊಂಡವು. ಗೈಡ್ ಇಂಗ್ರಿಡ್ ಎರಡು ಸಲ ಆಕ್ಸಿಲರೇಟರ್ ಒತ್ತಿದಳು. ಚಕ್ರ ಗಿರ್ರನೆ ತಿರುಗಿ ಇನ್ನಷ್ಟು ಕೆಳಗೆ ಹೋಯಿತೇ ಹೊರತು ಗಾಡಿ ಕದಲಲಿಲ್ಲ. ಅವಳು ಫೋನಿನಲ್ಲಿ ಯಾರೊಂದಿಗೋ ಮಾತಾಡಿ, ಹಿಂದೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಪಾವಗಡದಲ್ಲಿ ಔಷಧಿ ಅಂಗಡಿ ಇಟ್ಟಿರುವ ಕಿರಣ್ ಕುಮಾರ್ ಅದನ್ನು ಕನ್ನಡದಲ್ಲಿ ಹೇಳಿದ: "ಎಳೆಯೋ ಗಾಡಿ ಬರೋಕೆ ಎರಡು ಗಂಟೆ ಆಗುತ್ತಂತೆ. ಅಷ್ಟೊತ್ತಿಗೆ ಮತ್ತೆ ಮೋಡ ಮುಚ್ಚಿಕೊಳ್ಳುತ್ತಂತೆ."

ಆಕಾಶದಲ್ಲಿ ತಾನೇ ತಾನಾಗಿ ಆಡುವ ಹಸಿರು ಬೆಳಕನ್ನು ನೋಡಲೆಂದು ತುಮಕೂರು ಜಿಲ್ಲೆಯಿಂದ ನಾರ್ವೆಗೆ ಬಂದಿದ್ದ ಆರು ಜನರ ಪ್ರವಾಸದಲ್ಲಿ ಅದು ಕೊನೆಯ ರಾತ್ರಿ. ಮೊದಲ ಎರಡು ರಾತ್ರಿ ಮೋಡ ಬಿಟ್ಟರೆ ಬೇರೇನೂ ಕಂಡಿರಲಿಲ್ಲ. ಇವತ್ತು ಮೋಡವಿಲ್ಲದ ಜಾಗ ಹುಡುಕಿಕೊಂಡು ಅರವತ್ತು ಕಿಲೋಮೀಟರ್ ಬಂದಿದ್ದರು.

ಸರಸಮ್ಮ ಬರಗೂರಿನ ಅಂಗನವಾಡಿಯಲ್ಲಿ ಇಪ್ಪತ್ತೆಂಟು ವರ್ಷ ಮಕ್ಕಳನ್ನು ನೋಡಿಕೊಂಡು ಹೋದ ವರ್ಷ ನಿವೃತ್ತಳಾದವಳು. ಮನೆಯವರೆಲ್ಲ ಕಾಶಿಗೆ ಹೋಗಿ ಬಾ ಎಂದರೆ, "ಕಾಶಿ ಎಲ್ಗೂ ಹೋಗಲ್ಲ, ನನ್ ಮಂಡಿ ಹೋಗ್ತವೆ. ಮೊದ್ಲು ಆ ಬೆಳಕು ನೋಡ್ಬೇಕು" ಎಂದು ಹಟ ಹಿಡಿದು ಹೊರಟವಳು. ಈಗ ಕೆಂಪು ಶಾಲು ಹೊದ್ದು ಕಿಟಕಿಯ ಗಾಜಿಗೆ ಹಣೆಯಾನಿಸಿ ಸುಮ್ಮನೆ ಕೂತಿದ್ದಳು. ಅವಳನ್ನೇ ಒಂದು ಗಳಿಗೆ ನೋಡಿದ ಗಂಡ ಸಂಜೀವಯ್ಯ ಸೀಟಿನಿಂದ ಎದ್ದ.

"ಬಾಗ್ಲು ತೆಗಿಯಮ್ಮ. ಒಂದ್ಕಿತ ನೋಡಾನ."

ಪ್ರವಾಸಿಗರು ಗಾಡಿ ಮುಟ್ಟುವಂತಿಲ್ಲ ಎಂದು ಇಂಗ್ರಿಡ್ ಕೈ ಅಡ್ಡ ಹಿಡಿದಳು. ಆಗ ಸರಸಮ್ಮನಿಗೆ ಮಾತು ಬಂತು. "ಅವಳಿಗೆ ಹೇಳಪ್ಪ ಕಿರಣ, ಇವ್ರು ಮೂವತ್ತೆರಡು ವರ್ಷ ಸರ್ಕಾರಿ ಬಸ್ಸು ಓಡಿಸವ್ರೆ ಅಂತ. ಮಳೇಲಿ ಹೂತೋದ ಬಸ್ಸ ಜನ ತುಂಬ್ಕೊಂಡಿದ್ದಂಗೇ ಎಬ್ಬಿಸವ್ರೆ. ಇದೇನ್ ಮಹಾ, ಬಿಳೀ ಕೆಸ್ರು!"

ಕಿರಣ್ ಒಂದಕ್ಷರ ಬಿಡದೆ ಹೇಳಿದ. ಇಂಗ್ರಿಡ್ ಸಂಜೀವಯ್ಯನನ್ನು ಟೋಪಿಯಿಂದ ಬೂಟಿನವರೆಗೆ ನೋಡಿ, ನಕ್ಕು, ಸೀಟಿನ ಕೆಳಗಿದ್ದ ಸಲಿಕೆ ತೆಗೆದುಕೊಟ್ಟಳು.

ಭಾರ ಕಡಿಮೆಯಾಗಲೆಂದು ಎಲ್ಲರೂ ಕೆಳಗಿಳಿದರು. ಸಂಜೀವಯ್ಯ ಚಕ್ರಗಳ ಮುಂದಿನ ಹಿಮ ಬಗೆದು, ವ್ಯಾನಿನೊಳಗೆ ಕಾಲಡಿ ಹಾಸಿದ್ದ ರಬ್ಬರ್ ಮ್ಯಾಟುಗಳನ್ನು ಎಳೆದು ತಂದು ಚಕ್ರಕ್ಕೆ ಕೊಟ್ಟ. ಡ್ರೈವರ್ ಕಿಟಕಿಯ ಹತ್ತಿರ ಹೋಗಿ, "ಜೋರಾಗಿ ಒತ್ತಬ್ಯಾಡ ತಾಯಿ. ಮಲಗಿರೋ ಮಗೀನ ಎತ್ಕೊಳ್ಳಲ್ವಾ, ಅಂಗೆ" ಎಂದ. ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ಕಿರಣ್ ತಡವರಿಸುತ್ತಿದ್ದಾಗ, ಸಂಜೀವಯ್ಯನೇ ಅಂಗೈಯನ್ನು ಮೆಲ್ಲಗೆ, ಬಹಳ ಮೆಲ್ಲಗೆ ಕೆಳಗೊತ್ತಿ ತೋರಿಸಿದ. ಇಂಗ್ರಿಡ್ ತಲೆಯಾಡಿಸಿದಳು. ಅವನು ಹಿಂದೆ ಹೋಗಿ ವ್ಯಾನಿನ ಮೈಗೆ ಎರಡು ಸಲ ಬಡಿದು ಕೂಗಿದ: "ರೈಟ್!"

ವ್ಯಾನು ನಡುಗಿತು, ಮ್ಯಾಟು ಹತ್ತಿತು, ಒಂದೇ ಉಸಿರಿಗೆ ರಸ್ತೆಗೆ ಬಂತು. ನಿಲ್ಲಿಸಿದರೆ ಮತ್ತೆ ಜಾರಬಹುದೆಂದು ಇಂಗ್ರಿಡ್ ಹಾಗೇ ಏರು ಹತ್ತಿಸಿಕೊಂಡು ತಿರುವಿನಾಚೆ ಹೋದಳು. ಅದರ ದೀಪಗಳೂ ಹೋದವು. ಉಳಿದವರ ಸುತ್ತ ಕಣ್ಣಿಗೆ ಕಣ್ಣು ಕಾಣದಷ್ಟು ಕತ್ತಲೆ.

ಆ ಕತ್ತಲೆಯಲ್ಲೇ ಎದುರಿನ ಬೆಟ್ಟದ ನೆತ್ತಿಯ ಮೇಲೆ ಒಂದು ಗೆರೆ ಮೂಡಿತು. ಆಗತಾನೇ ಎದ್ದ ರಾಗಿ ಪೈರಿನ ಹಸಿರು. ನೋಡುತ್ತಿದ್ದಂತೆಯೇ ಅದು ಅಗಲವಾಯಿತು, ಆಕಾಶದ ಅರ್ಧಕ್ಕೆ ಬಂತು.

"ಚೂಡಂಡಿ! ಚೂಡಂಡಿ!" ಎಂದು ಕಿರಣ್ ಕಿರುಚಿದ. ಖುಷಿಗೆ ಅವನ ಬಾಯಲ್ಲಿ ತೆಲುಗೇ ಬಂದಿತ್ತು.

"ರೀ, ಮ್ಯಾಕ್ ನೋಡ್ರೀ!" ಸರಸಮ್ಮ ಕೂಗಿದಳು.

ಸಂಜೀವಯ್ಯ ಬಗ್ಗಿ ಹಿಮದಲ್ಲಿ ತಡಕಾಡುತ್ತಿದ್ದ. "ಇರೇ, ಮ್ಯಾಟ್ ತಕ್ಕಂತೀನಿ. ಬ್ಯಾರೆಯೋರ ಸಾಮಾನು."

"ಮ್ಯಾಟ್ ಮನೆ ಹಾಳಾಗ! ಮ್ಯಾಕ್ ನೋಡಯ್ಯೋ!"

ಮದುವೆಯಾಗಿ ಮೂವತ್ತೊಂಬತ್ತು ವರ್ಷಕ್ಕೆ ಮೊದಲ ಸಲ ಹೆಂಡತಿ ಹಾಗೆ ಕರೆದಿದ್ದಳು. ಬೆಚ್ಚಿ ತಲೆಯೆತ್ತಿದವನ ಕೈಯಿಂದ ಮ್ಯಾಟು ಜಾರಿಬಿತ್ತು. ಬೆಳಕು ಒಂದು ಕಡೆ ಒಟ್ಟಾಗಿ, ಇದ್ದಕ್ಕಿದ್ದಂತೆ ಬೆಟ್ಟದಿಂದ ಬೆಟ್ಟಕ್ಕೆ ಓಡಿ, ಅಲ್ಲಿಂದ ಮತ್ತೆ ಹಿಂದಕ್ಕೆ ನುಗ್ಗಿ ಬರುತ್ತಿತ್ತು. "ಬೆಲ್ ಹೊಡೆದ್ಮೇಲೆ ನಮ್ ಮಕ್ಳು ಓಡ್ತಿರ್ಲಿಲ್ವಾ, ಇಂಗೇ ಕಣ್ರೀ!" ಎಂದು ಸರಸಮ್ಮ ಅವನ ತೋಳು ಹಿಡಿದು ಜಗ್ಗಿದಳು.

ಕಿರಣ್ ಜೊತೆಯಲ್ಲೇ ಇಳಿಸಿಕೊಂಡಿದ್ದ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಕೂರಿಸಿ, ಗಂಡಹೆಂಡತಿಯನ್ನು ಪಕ್ಕಪಕ್ಕ ನಿಲ್ಲಿಸಿದ. "ಕತ್ತಲಲ್ಲಿ ಫೋಟೋ ಬರೋಕೆ ಹತ್ತು ಸೆಕೆಂಡು ಬೇಕು. ಅಲ್ಲೀವರೆಗೂ ಇಬ್ಬರೂ ಒಂಚೂರೂ ಅಲುಗಾಡಬಾರದು."

ಸಂಜೀವಯ್ಯ ಲೈಸೆನ್ಸಿನ ಫೋಟೋಕ್ಕೆ ನಿಂತವನಂತೆ ನಿಂತ. ಸರಸಮ್ಮನೂ ಮೂರು ಎಣಿಸುವ ತನಕ ನಿಂತಿದ್ದಳು. ಅಷ್ಟರಲ್ಲಿ ನೆತ್ತಿಯ ಮೇಲಿನ ಹಸಿರು ಒಡೆದು, ಅಂಚಿಗೆಲ್ಲ ಗುಲಾಬಿ ಬಣ್ಣ ಹರಿಯಿತು.

ಫೋಟೋದಲ್ಲಿ ಬೆಟ್ಟ ಸ್ಪಷ್ಟವಾಗಿತ್ತು. ನಕ್ಷತ್ರಗಳನ್ನು ಎಣಿಸಬಹುದಿತ್ತು. ಸಂಜೀವಯ್ಯನ ಮೀಸೆಯ ಬಿಳಿಕೂದಲೂ ಕಾಣುತ್ತಿತ್ತು. ಅವನ ಪಕ್ಕದಲ್ಲಿ ಮಾತ್ರ ಮುಖವಿಲ್ಲ, ಕೈಯಿಲ್ಲ. ಕೆಂಪು ಶಾಲೊಂದು ಮೇಲಕ್ಕೂ ಕೆಳಕ್ಕೂ ಹಾರಿ ಬರೀ ಬಣ್ಣವಾಗಿತ್ತು.

"ಅಮ್ಮಾ, ನೀವು ಬಂದೇ ಇಲ್ಲ!" ಕಿರಣ್ ನಕ್ಕ. "ಇನ್ನೊಂದು ತೆಗೀತೀನಿ, ಈ ಸಲ ಕುಣೀಬೇಡಿ."

ಸಂಜೀವಯ್ಯ ಕ್ಯಾಮೆರಾದ ಹತ್ತಿರ ಬಗ್ಗಿ ಆ ಕೆಂಪನ್ನೇ ಬಹಳ ಹೊತ್ತು ನೋಡಿದ.

"ಬ್ಯಾಡ ಬುಡಪ್ಪ. ಇದ್ನೇ ದೊಡ್ಡದು ಮಾಡ್ಸಿ ಕೊಡು. ಇಷ್ಟು ವರ್ಸದಾಗೆ ಇವಳ್ದು ಇದೊಂದೇ ಸರಿಯಾಗಿ ಬಂದಿರೋದು."