ಎರಡು ಲೋಟ ಕಷಾಯ

ಗಂಡನಿಗೆ ಎದೆಯುರಿ ಶುರುವಾದ ಮೇಲೆ ಮನೆಯಲ್ಲಿ ಹೆಂಡತಿಯೇ ಡಾಕ್ಟರು. ಬೆಳಗ್ಗೆ ಜೀರಿಗೆ ಕಷಾಯ, ಮಧ್ಯಾಹ್ನ ನೀರುಮಜ್ಜಿಗೆ. ಕಾಫಿ, ಕರಿದ ತಿಂಡಿ ಬಂದ್. ಕಷಾಯವನ್ನು ಮಾತ್ರ ಅವಳು ಎರಡು ಲೋಟ ಕಾಯಿಸುತ್ತಿದ್ದಳು.

“ಇನ್ನೊಂದು ಯಾರಿಗೆ?”

“ನನಗೇ. ಒಬ್ರೇ ಕುಡಿಯೋಕೆ ನಿಮಗೆ ಬೇಜಾರಾಗಲ್ವಾ?”

ಅವನು ಕರಗಿಹೋದ. ಉರಿ ಮಾತ್ರ ಪೂರ್ತಿ ಇಳಿಯಲಿಲ್ಲ.

“ವಾಕಿಂಗ್ ಅಂತ ಹೋಗಿ ಬಜ್ಜಿ ತಿಂದು ಬರ್ತೀರಿ. ಇನ್ನೆಲ್ಲಿ ವಾಸಿಯಾಗುತ್ತೆ?”

“ಆ ಬಜ್ಜಿ ಗಾಡಿ ಕಡೆ ತಲೆ ಹಾಕಿಯೂ ಮಲಗಿಲ್ಲ ಕಣೇ. ಬೇಕಾದ್ರೆ ಬಾ, ಅವನನ್ನೇ ಕೇಳು.”

“ಬೇಡ ಬಿಡಿ, ಬೀದೀಲಿ ಪಂಚಾಯ್ತಿ ಯಾಕೆ?”

ಅವನು ಬಿಡಲಿಲ್ಲ, ಕೈಹಿಡಿದು ಕರೆದುಕೊಂಡೇ ಹೋದ.

ಬಾಣಲೆಯ ಮುಂದಿದ್ದ ಗಾಡಿಯವನು ತಲೆಯೆತ್ತಿ, ಅವಳನ್ನು ನೋಡಿ ನಕ್ಕ.

“ನಿಮಗೆ ಮಾಮೂಲಿ ಮೆಣಸಿನಕಾಯಿ ಬಜ್ಜಿ ತಾನೇ ಅಕ್ಕಾ? ಇವರಿಗೇನು ಕೊಡ್ಲಿ?”