ಬದಲಿಗೆ ಬಂದ ಕೀಬೋರ್ಡ್

ಉಲ್ಲಾಸ್ ತನ್ನ ಕೀಬೋರ್ಡನ್ನು ಹಾಳು ಮಾಡಿಯೇ ತಂದುಕೊಟ್ಟಿದ್ದಾನೆ ಎಂಬುದರಲ್ಲಿ ದೇರಣ್ಣನಿಗೆ ಎಳ್ಳಷ್ಟೂ ಸಂಶಯ ಇರಲಿಲ್ಲ. ತಮ್ಮ ಆರ್ಕೆಸ್ಟ್ರಾ ತಂಡದ ಹಾಡುಗಾರ ಅಂತ ನಂಬಿ ಕೊಟ್ಟಿದ್ದ. ಕೊಯಿಲದ ಒಂದು ಮದುವೆಗೆ ಕೊಂಡುಹೋದವನು ಮರುದಿನ ಅದನ್ನು ಜಗಲಿಯಲ್ಲಿಟ್ಟು, ಏನೋ ಗೊಣಗಿ, ಬೈಕ್ ಹತ್ತಿ ಹೋಗಿದ್ದ. ಸಂಜೆ ದೇರಣ್ಣ ಕೊಳಲಿನ ಸ್ವರ ಒತ್ತಿದ. ಯಾರೋ ಕಂಬಳಿ ಹೊದ್ದು ಊದಿದ ಹಾಗೆ ಕೇಳಿತು. ಪಿಟೀಲು ಒತ್ತಿದ. ಅದು ಕೆಸರಿನಿಂದ ಕಾಲು ಕಿತ್ತ ಹಾಗೆ ಎದ್ದಿತು. ಅವನಿಗೆ ಹೇಸಿಗೆಯಾಯಿತು. ತನ್ನ ತಟ್ಟೆಯಲ್ಲಿ ಬೇರೆಯವರು ಉಂಡು, ತೊಳೆಯದೆ ಬಿಟ್ಟು ಹೋದರೆ ಆಗುವಂಥ ಹೇಸಿಗೆ.

ಸುಳ್ಯದಿಂದ ಕಡಬದವರೆಗೆ ಮದುವೆ ಹಾಲ್‌ಗಳಲ್ಲಿ ದೇರಣ್ಣನ ಕೀಬೋರ್ಡಿನ ಕೊಳಲು ಎಂದರೆ ಜನ ಊಟದ ಎಲೆಯಿಂದ ತಲೆ ಎತ್ತಿ ಕೇಳುತ್ತಿದ್ದರು. ಆ ವರ್ಕ್‌ಸ್ಟೇಷನ್ ಕೀಬೋರ್ಡ್ ಅಂಗಡಿಯಿಂದ ತಂದ ಹಾಗೆಯೇ ಉಳಿದದ್ದಲ್ಲ. ಒಳಗಿನ ಒಂದೊಂದು ಧ್ವನಿಯನ್ನೂ ವರ್ಷಗಟ್ಟಲೆ ಕೂತು ತಿದ್ದಿ ತನ್ನದು ಮಾಡಿಕೊಂಡಿದ್ದ. ವೇದಿಕೆಯಲ್ಲಿ ಅವನ ಕುರ್ಚಿ ಯಾವತ್ತೂ ದೊಡ್ಡ ಸ್ಪೀಕರಿನ ಬುಡದಲ್ಲೇ. ತನ್ನ ಕೈ ತನಗೆ ಎದೆಯಲ್ಲಿ ಕೇಳಬೇಕು ಎನ್ನುತ್ತಿದ್ದ.

ಉಲ್ಲಾಸನನ್ನು ಕರೆಸಿ ಕೇಳಿದ. ತಾನು ಯಾವ ಗುಂಡಿಯನ್ನೂ ಮುಟ್ಟಿಲ್ಲ ಎಂದು ಅವನು ಆಣೆ ಹಾಕಿದ. ಅದೂ ಬಾಯೊಳಗೆ. ಈಗಿನವರಿಗೆ ಬಾಯಿಬಿಟ್ಟು ಮಾತಾಡುವುದೇ ಗೊತ್ತಿಲ್ಲ, ತಪ್ಪು ಮಾಡಿದವರಿಗಂತೂ ಮೊದಲೇ ಇಲ್ಲ ಎಂದುಕೊಂಡು ದೇರಣ್ಣ ಮುಖ ತಿರುಗಿಸಿದ. ಹೆಂಡತಿ ಪೂವಮ್ಮನನ್ನು ಎದುರು ಕೂರಿಸಿ ನುಡಿಸಿ ತೋರಿಸಿದ. ಮೊದಲಿನ ಹಾಗೇ ಉಂಟಲ್ಲ ಎಂದಳು. ಸ್ವರ ಸ್ವಲ್ಪ ಚೂಪಾಗಲಿ ಎಂದು ಅವನು ಗುಂಡಿ ತಿರುಗಿಸಿದಾಗ ಮಾತ್ರ ಕಿವಿ ಮುಚ್ಚಿಕೊಂಡು ಅಡುಗೆಮನೆಗೆ ಎದ್ದು ಹೋದಳು. ಇಷ್ಟು ವರ್ಷ ತನ್ನ ಜೊತೆ ಬಾಳಿದವಳಿಗೆ ಕೊಳಲಿಗೂ ನೀರಿನ ಕೊಳವೆಗೂ ವ್ಯತ್ಯಾಸ ತಿಳಿಯಲಿಲ್ಲವಲ್ಲ ಎಂದುಕೊಂಡು ಅವನು ಕೀಬೋರ್ಡಿಗೆ ಬಟ್ಟೆ ಮುಚ್ಚಿದ.

ಕಡಬದ ಮದುವೆಯಲ್ಲಿ ಇನ್ನೂ ಅಸಹ್ಯ ನಡೆಯಿತು. ಮೈಕಿನ ಪದ್ಮಯ್ಯ ಮತ್ತೆ ಮತ್ತೆ ಬಂದು ದೇರಣ್ಣನ ಧ್ವನಿಯನ್ನು ತಗ್ಗಿಸಿದ. ಯಾಕೆ ಎಂದರೆ ಜನರ ಕಡೆ ಕೈ ತೋರಿಸಿ ಏನೋ ಹೇಳಿದ. ಆಚೆ ಉಲ್ಲಾಸ್ ತಲೆ ಕೆಳಗೆ ಹಾಕಿದ್ದ. ಇಬ್ಬರೂ ಸೇರಿಕೊಂಡಿದ್ದಾರೆ, ತನ್ನನ್ನು ತಂಡದಿಂದ ಓಡಿಸುವ ಉಪಾಯ ಇದು ಎಂದು ದೇರಣ್ಣನಿಗೆ ಅಂದೇ ಖಾತ್ರಿಯಾಯಿತು. ಈ ಹಾಳಾದ ಡಬ್ಬ ಇನ್ನು ತನ್ನ ಮನೆಯಲ್ಲಿ ಬೇಡ ಎಂದು ಆಗಲೇ ತೀರ್ಮಾನಿಸಿದ.

ಪುತ್ತೂರಿನ ಆಶಿಕ್‌ನ ನೆನಪಾಯಿತು. ದುಬೈಯಲ್ಲಿ ಕೆಲಸ ಮಾಡಿ ಬಂದವನು. ಬರುವಾಗ ಹೊಸ ಮಾದರಿಯ ವರ್ಕ್‌ಸ್ಟೇಷನ್ ತಂದಿದ್ದ. ಅದನ್ನು ಕೊಟ್ಟು ದೇರಣ್ಣನ ಹಳೆಯದನ್ನು ತೆಗೆದುಕೊಳ್ಳುತ್ತೇನೆ ಎಂದು ಬಹಳ ಸಲ ಹೇಳಿದ್ದ. ಹೊಸದರಲ್ಲಿ ಎಲ್ಲ ಉಂಟು, ನಿಮ್ಮ ಕೊಳಲು ಇಲ್ಲ ಎಂಬುದು ಅವನು ಕೊಟ್ಟ ಕಾರಣ. ಹೊಸದನ್ನು ಬಿಟ್ಟು ಹಳೆಯದನ್ನು ಕೇಳುವವನ ಮನಸ್ಸಿನಲ್ಲಿ ಬೇರೇನೋ ಇರಬೇಕು ಎಂದು ದೇರಣ್ಣ ಇಷ್ಟು ದಿನ ದೂರ ಇಟ್ಟಿದ್ದ. ಈಗ ಬೇರೆ ದಾರಿ ಇರಲಿಲ್ಲ. ಕೀಬೋರ್ಡನ್ನು ಜೀಪಿನಲ್ಲಿ ಹಾಕಿಕೊಂಡು ಹೋದ.

ಮೋಸ ಮಾಡುವ ಜಾಯಮಾನವಲ್ಲ ದೇರಣ್ಣನದು. ಇದು ಹಾಳಾಗಿದೆ, ಕೇಳಿ ನೋಡಿ ಆಮೇಲೆ ಮಾತಾಡು ಎಂದು ಮೊದಲೇ ಹೇಳಿದ. ಆಶಿಕ್ ಕಣ್ಣು ಮುಚ್ಚಿ ತುಂಬಾ ಹೊತ್ತು ನುಡಿಸಿದ. ಇದರಲ್ಲಿ ಎಂತದೂ ಹಾಳಾಗಿಲ್ಲ ಎಂದ. ದೇರಣ್ಣ ಹುಬ್ಬು ಗಂಟಿಕ್ಕಿ ಹೊಸದರ ಮುಂದೆ ಕೂತ. ಕೊಳಲು ಒತ್ತಿದ. ಅದೇ ಕಂಬಳಿ. ಪಿಟೀಲು ಒತ್ತಿದ. ಅದೇ ಕೆಸರು.

ಅಂದರೆ ಇವನೂ ಹಾಳಾದ್ದನ್ನೇ ದಾಟಿಸಲು ನೋಡುತ್ತಿದ್ದಾನೆ. ದೇರಣ್ಣ ಮುಟ್ಟಬಾರದ್ದನ್ನು ಮುಟ್ಟಿದವನ ಹಾಗೆ ಬೆರಳುಗಳನ್ನು ಪಂಚೆಗೆ ಒರೆಸಿಕೊಂಡು ಎದ್ದ.

"ನಿನ್ನದೂ ಕಸವೇ," ಎಂದ.

ಆಶಿಕ್ ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿದ. ಮತ್ತೆ, ಎರಡನ್ನೂ ಪಕ್ಕಪಕ್ಕ ಇಟ್ಟು ತಾನೇ ನುಡಿಸುತ್ತೇನೆ, ನೀವು ಗೋಡೆಯ ಕಡೆ ತಿರುಗಿ ಕೇಳಿ, ಯಾವುದು ಒಳ್ಳೆಯದು ಅನಿಸುತ್ತದೋ ಅದನ್ನೇ ಕೊಂಡುಹೋಗಿ ಎಂದ. ಇದು ನ್ಯಾಯದ ಮಾತು ಅನಿಸಿತು. ದೇರಣ್ಣ ಗೋಡೆಗೆ ಮುಖ ಮಾಡಿ ಕೂತ.

ಮೊದಲನೆಯದು ನುಡಿಯಿತು. ಥೂ ಎಂದ. ಎರಡನೆಯದು ನುಡಿಯಿತು. ಅದಕ್ಕಿಂತ ಥೂ ಎಂದ. ಇಷ್ಟರಲ್ಲಿ ಗೊತ್ತಾಗುವುದಿಲ್ಲ, ಕೊಳಲಿನ ಸ್ವರವನ್ನು ತೀರಾ ಮೇಲಕ್ಕೆ ಒಯ್ಯು, ಕೊನೆಯ ಕೀಯವರೆಗೆ, ಅಸಲು ನಕಲು ಅಲ್ಲಿ ತಿಳಿಯುತ್ತದೆ ಎಂದು ಹೇಳಿಕೊಟ್ಟು ಕಾದ.

ಆಶಿಕ್‌ನ ತಾಯಿ ಕದೀಜಮ್ಮ ಚಹಾ ಹಿಡಿದುಕೊಂಡು ಒಳಗಿನಿಂದ ಬಂದವರು, ಆ ಗೋಡೆಗೆ ತಾಗಿದ ಬಾಗಿಲಲ್ಲೇ ನಿಂತುಬಿಟ್ಟರು. ಅವರ ತಲೆ ಮೆಲ್ಲಗೆ ತೂಗುತ್ತಿತ್ತು. ಮಗನಿಗೆ ಏನೋ ಸನ್ನೆ ಮಾಡುತ್ತಿದ್ದಾರೆ ಎಂದುಕೊಂಡ ದೇರಣ್ಣ. ಇಡೀ ಮನೆಯೇ ಒಂದಾಗಿದೆ.

"ನುಡಿಸು ಮಾರಾಯ," ಎಂದ. "ಎಂತಕ್ಕೆ ಸುಮ್ಮನೆ ಕೂತದ್ದು?"

ತಾಳ್ಮೆಗೆಟ್ಟು ತಿರುಗಿದ. ಅವನದೇ ಹಳೆಯ ಕೀಬೋರ್ಡಿನ ಬಲತುದಿಯಲ್ಲಿ ಆಶಿಕ್‌ನ ಬೆರಳುಗಳು ಮೇಲೆ ಕೆಳಗೆ ಓಡುತ್ತಿದ್ದವು.

"ಆಗಿನಿಂದ ನುಡಿಸ್ತಾನೇ ಇದ್ದೇನೆ, ದೇರಣ್ಣ."