ಹಿಂದಿನ ಬ್ರೇಕು

"ಹಿಂದಿನ ಚಕ್ರ ಬಿಚ್ಚಿದೀನಿ. ಬಂದು ನೋಡ್ತೀಯೋ, ಇಲ್ವೋ?" ಎಂದ ತಮ್ಮ.

ಅಣ್ಣ ಗ್ಯಾರೇಜಿನ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದ. ಅಪ್ಪನ ಹಳೇ ಮೋಟಾರ್‌ಸೈಕಲ್ಲಿಗೆ ತಮ್ಮ ಮೂರು ತಿಂಗಳಿಂದ ಜೀವ ಕೊಡುತ್ತಿದ್ದರೆ, ಅಣ್ಣನದು ಬರೀ ಬಾಯುಪಚಾರ. 'ಆ ಬೋಲ್ಟಿಗೆ ಸುತ್ತಿಗೆ ಬೇಡ, ಎಣ್ಣೆ ಕುಡಿಸು' ಅನ್ನುವವನೇ ಹೊರತು ಕೈಯಿಟ್ಟವನಲ್ಲ. ಒಂದು ಕಾಲಕ್ಕೆ ಕಣ್ಣು ಮುಚ್ಚಿಕೊಂಡು ಎಂಜಿನ್ ಜೋಡಿಸುತ್ತಿದ್ದ ಪುಣ್ಯಾತ್ಮ ಹದಿನೆಂಟು ವರ್ಷದಿಂದ ಸ್ಪ್ಯಾನರ್ ಮುಟ್ಟಿರಲಿಲ್ಲ. ಮನೆಯ ನಲ್ಲಿ ತೊಟ್ಟಿಕ್ಕಿದರೂ ಪ್ಲಂಬರ್ ಬರುವವರೆಗೆ ಬಕೆಟ್ಟೇ ಗತಿ.

ಹದಿನೆಂಟು ವರ್ಷದ ಹಿಂದೆ ಈ ಗಾಡಿಯ ಹಿಂದಿನ ಬ್ರೇಕನ್ನು ಸರಿಮಾಡಿದ್ದವನು ಅವನೇ. ಮರುದಿನ ಅದನ್ನು ಮೊದಲ ಸಲ ಹತ್ತಿದ ತಮ್ಮ, ಇಳಿಜಾರಿನಲ್ಲಿ ಹೋಗಿ ನೇರ ಗೋಡೆಗೆ ಗುದ್ದಿದ್ದ. ಮೊಣಕಾಲು ಮೂರು ಚೂರಾಗಿತ್ತು. "ಎಷ್ಟು ಒತ್ತಿದ್ರೂ ಬ್ರೇಕ್ ಹಿಡೀಲೇ ಇಲ್ಲ" ಎಂದು ಆಸ್ಪತ್ರೆಯಲ್ಲಿ ಒಮ್ಮೆ ಹೇಳಿದ್ದು ಬಿಟ್ಟರೆ ತಮ್ಮ ಮತ್ತೆ ಆ ಮಾತೆತ್ತಲಿಲ್ಲ. ಎತ್ತದೆ ಇದ್ದದ್ದೇ ಅಣ್ಣನಿಗೆ ಹೆಚ್ಚು ಭಾರವಾಗಿತ್ತು. ತಮ್ಮ ಕುಂಟುತ್ತಾ ಅಂಗಳ ದಾಟುವಾಗಲೆಲ್ಲ ಅವನು ಬೇರೆ ಕಡೆ ನೋಡುತ್ತಿದ್ದ.

ಕೊನೆಗೂ ಕನ್ನಡಕ ಏರಿಸಿಕೊಂಡು ಬಂದು, ಎದೆ ಗಟ್ಟಿಮಾಡಿಕೊಂಡು ಬಗ್ಗಿ ನೋಡಿದ. ಸ್ಪ್ರಿಂಗು ತನ್ನ ಜಾಗದಲ್ಲೇ ಇತ್ತು. ಬ್ರೇಕಿನ ಸರಳಿಗೆ ಅಂದು ಅವನು ಹಾಕಿದ್ದ ಪಿನ್ನು, ತುದಿ ಬಗ್ಗಿಸಿದ್ದು ಬಗ್ಗಿಸಿದಂತೆಯೇ ತುಕ್ಕು ಹಿಡಿದು ಕೂತಿತ್ತು.

"ಎಲ್ಲಾ ನೆಟ್ಟಗಿದೆಯಲ್ಲೋ!"

"ನೆಟ್ಟಗಿದ್ದಿದ್ರೆ ಹಿಡೀಬೇಕಿತ್ತಲ್ಲ?" ಇಷ್ಟು ವರ್ಷ ನುಂಗಿಕೊಂಡಿದ್ದ ಖಾರ ತಮ್ಮನ ದನಿಯಲ್ಲಿ ಸ್ವಲ್ಪ ಹೊರಗೆ ಬಂತು.

ಅಣ್ಣ ತಮ್ಮನ ಕಾಲು ನೋಡಿದ, ಗಾಡಿಯ ಪೆಡಲು ನೋಡಿದ. "ಹತ್ತಿ ಕೂತ್ಕೋ. ಸ್ಟ್ಯಾಂಡ್ ಮೇಲಿದೆ, ಬೀಳಲ್ಲ. ಕಣ್ಣು ಮುಚ್ಚು. ಇಳಿಜಾರು ಬಂತು... ಎದುರಿಗೇ ಗೋಡೆ... ಬ್ರೇಕ್ ಹಾಕು!"

ತಮ್ಮನ ಬಲಗಾಲು ದಬಕ್ಕನೆ ಕೆಳಗಿಳಿಯಿತು.

"ಹಾಗೇ ಇರು. ಈಗ ಕಣ್ಣು ಬಿಡು."

ಕಾಲಡಿಯಲ್ಲಿ ಇದ್ದದ್ದು ಗೇರು. ಅಪ್ಪನ ಗಾಡಿಯಲ್ಲಿ ಗೇರು ಬಲಕ್ಕೆ, ಬ್ರೇಕು ಎಡಕ್ಕೆ. ಈಗಿನ ಗಾಡಿಗಳಿಗೆ ತದ್ವಿರುದ್ಧ. ಅಪಘಾತಕ್ಕೆ ಒಂದು ವಾರ ಮೊದಲಷ್ಟೇ ಗೆಳೆಯನ ಹೊಸ ಗಾಡಿಯಲ್ಲಿ ಓಡಿಸಲು ಕಲಿತಿದ್ದ ಹುಡುಗ ಅವನು. ಇದೇ ಪೆಡಲನ್ನು ಮೊನ್ನೆ ತಾನೇ ಉಜ್ಜಿ ಹೊಳಪು ತಂದಿದ್ದವನಿಗೂ ವಿಷಯ ಹೊಳೆದಿರಲಿಲ್ಲ. ಕೈಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ.

"ಅಯ್ಯೋ ದೇವರೇ, ಅವತ್ತು ನಾನು ತುಳಿದಿದ್ದು ಇದನ್ನಾ?"

ಅಣ್ಣ ನೆಲದ ಮೇಲೆ ಕುಸಿದು ಕೂತ. ಮೊದಲು ನಕ್ಕ. ನಗುತ್ತಲೇ ಕಣ್ಣಲ್ಲಿ ನೀರು ಬಂತು; ಗ್ರೀಸ್ ಬಟ್ಟೆಯಲ್ಲೇ ಒರೆಸಿಕೊಂಡು ಮುಖವೆಲ್ಲ ಕಪ್ಪು ಮಾಡಿಕೊಂಡ. ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿ ಆಚೆಗಿಟ್ಟಂತಾಗಿತ್ತು.

"ಹದಿನೆಂಟು ವರ್ಷ ನಿನ್ನನ್ನೇ ಮನಸ್ಸಲ್ಲಿ ಬೈಕೊಂಡಿದ್ದೆ ಕಣೋ. ಒದ್ದುಬಿಡು ನನ್ನ" ಎಂದ ತಮ್ಮ.

"ಯಾವ ಕಾಲಲ್ಲಿ ಒದೀಲಿ, ಎಡಗಾಲಲ್ಲೋ ಬಲಗಾಲಲ್ಲೋ?"

ಒಳಗಿನಿಂದ ಅತ್ತಿಗೆಯ ದನಿ ಬಂತು: "ಏನ್ರೀ, ಪ್ಲಂಬರ್ ಇವತ್ತೂ ಕೈಕೊಟ್ಟ. ಬಕೆಟ್ ತುಂಬ್ತಾ ಇದೆ."

ಅಣ್ಣ ಎದ್ದು ನಿಂತು ತಮ್ಮನತ್ತ ಕೈ ಚಾಚಿದ.

"ಆ ಸ್ಪ್ಯಾನರ್ ಕೊಡೋ ಇಲ್ಲಿ."